ತಮ್ಮನ ಭಾವ

ಸ್ಟೇಟಸ್ ನೋಡಿದವರ ಹೆಸರುಗಳ ನಡುವೆ ಅವಳ ಗಂಡನ ಹೆಸರಿತ್ತು. ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅವಳ ಕಾಲು ಅಲ್ಲೇ ನಿಂತಿತು. ಹಿಂದೆ ಅವಳ ಕೈ ಮುರಿದವನು ಅವನು. ಊರು ಬಿಟ್ಟು, ನಂಬರ್ ಬದಲಾಯಿಸಿ, ಅವಳು ತಲೆಮರೆಸಿಕೊಂಡು ಬದುಕುತ್ತಿದ್ದುದೇ ಅವನಿಗೆ ಹೆದರಿ.

ಬೆಳಿಗ್ಗೆ ಹಾಕಿದ್ದಾದರೂ ಏನು ಮಹಾ? ಹೊಸ ಕೆಲಸ ಸಿಕ್ಕ ಹಿಗ್ಗಿಗೆ ಟೈಲರಿಂಗ್ ಅಂಗಡಿಯ ಮುಂದೆ ನಿಂತು ಒಂದು ಫೋಟೊ. ತಲೆಯ ಮೇಲೆ ಬೋರ್ಡು, ಬೋರ್ಡಿನಲ್ಲಿ ಬೀದಿಯ ಹೆಸರು ದಪ್ಪ ಅಕ್ಷರದಲ್ಲಿ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಹಾಗಂತ ಊರಿಗೆಲ್ಲ ಡಂಗುರ ಹೊಡೆದವಳೇನಲ್ಲ. ನೆಂಟರಿಗೆ ಮಾತ್ರ ಕಾಣಬೇಕು ಎಂದು ಷರತ್ತಿನ ಮೇಲೆಯೇ ಹಾಕಿದ್ದಳು. ಆ ಆ್ಯಪಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಆರಿಸುವ ಗೋಜಿಲ್ಲ. ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಎಲ್ಲರೂ ತಂತಮ್ಮ ಪುಟದಲ್ಲಿ ಬರೆದುಕೊಂಡ ಸಂಬಂಧಗಳನ್ನು ನೋಡಿ ಅದೇ ತಿಳಿದುಕೊಳ್ಳುತ್ತದೆ. ತನ್ನ ಪುಟದ 'ಗಂಡ' ಎಂಬ ಜಾಗದಿಂದ ಅವಳು ಅವನನ್ನು ಎಂದೋ ಕಿತ್ತುಹಾಕಿದ್ದಳು. ಮತ್ತೆ ಇವನು ಒಳಗೆ ಬಂದದ್ದು ಎಲ್ಲಿಂದ?

ಫೋಟೊ ಅಳಿಸಿದಳು. ಅಳಿಸಿ ಏನು ಬಂತು, ಅವನು ನೋಡಿ ಆಗಿತ್ತು. ತಮ್ಮನಿಗೆ ಫೋನ್ ಮಾಡಿದಳು.

"ಲೋ, ನಿನ್ನ ಪುಟದಲ್ಲಿ ಅವನನ್ನ ಏನಂತ ಇಟ್ಟಿದ್ದೀಯೋ?"

"ಯಾರನ್ನ, ಭಾವನ್ನಾ?"

"ಅಯ್ಯೋ ನಿನ್ನ! ಇನ್ನೂ ಭಾವ ಅಂತಾನೇ ಇದೆಯಾ?"

"ತೆಗೆದ್ರೆ ಸುಮ್ನೆ ಅವರನ್ನ ಎದುರು ಹಾಕ್ಕೊಂಡಂಗೆ ಆಗುತ್ತಲ್ಲ ಅಂತ ಬಿಟ್ಟಿದ್ದೆ. ಯಾಕಕ್ಕಾ?"

ಯಾಕಂತೆ! ಇವಳಿಗೆ ತಮ್ಮ, ಆ ತಮ್ಮನಿಗೆ ಭಾವ, ಅಂದಮೇಲೆ ಇವಳಿಗೂ ನೆಂಟನೇ ಎಂದು ಆ್ಯಪ್ ಮದುವೆಮನೆಯ ಅಜ್ಜಿಯ ಹಾಗೆ ಸಂಬಂಧ ಹುಡುಕಿ, ಅವನನ್ನು ಒಳಗೆ ಕರೆದುಕೊಂಡಿತ್ತು.

"ನಾನೆಲ್ಲಿದೀನಿ ಅಂತ ಅವನಿಗೆ ಗೊತ್ತಾಯ್ತು ಕಣೋ. ತೆಗಿ, ಮೊದಲು ತೆಗಿ!"

ಪಕ್ಕದ ಮೆಷಿನ್ನಿನವಳು ಕತ್ತರಿ ಕೆಳಗಿಟ್ಟು, "ಏನಾಯ್ತೇ, ಮುಖ ಹಿಂಗೆ ಬಿಳಿಚಿಕೊಂಡಿದೆ?" ಎಂದಳು. ಇವಳ ಕಣ್ಣು ಬೀದಿಯಲ್ಲೇ ಇತ್ತು. ಓಡಾಡುವ ಗಂಡಸರೆಲ್ಲ ಹಿಂದಿನಿಂದ ಅವನಂತೆಯೇ ಕಾಣುತ್ತಿದ್ದರು. ಒಬ್ಬ ಅಂಗಡಿಯ ಮುಂದೆ ನಿಂತು ಬೋರ್ಡು ಓದಿದ. ಅವಳು ಮೆಷಿನ್ನಿನ ಹಿಂದೆ ಬಗ್ಗಿ ಕೂತಳು. ಅವನು ಯಾರೋ ಗಿರಾಕಿ, ಪ್ಯಾಂಟು ಗಿಡ್ಡ ಮಾಡಿಸಲು ಬಂದವನು.

"ತೆಗೆದೆ ಅಕ್ಕ," ಎಂದ ತಮ್ಮ.

ನೋಡಿದಳು. ನೆಂಟರ ಸಾಲಿನಿಂದ ಗಂಡನ ಹೆಸರು ಮಾಯವಾಗಿತ್ತು. ಸದ್ಯ!

"ಆದ್ರೆ ಅಕ್ಕಾ..." ತಮ್ಮನ ದನಿ ಉಡುಗಿತ್ತು. "ತೆಗೆಯೋ ಮೊದ್ಲೇ ಭಾವನೂ ನೆಂಟರಿಗೆ ಮಾತ್ರ ಅಂತ ಒಂದು ಸ್ಟೇಟಸ್ ಹಾಕಿದ್ರು. 'ಹೊರಟೆ' ಅಂತ ಮೊದಲ್ನೇ ಪದ ಮಾತ್ರ ಕಂಡಿತ್ತು. ಎಲ್ಲಿಗೆ ಅಂತ ಈಗ ತೆರೆದು ನೋಡಿದ್ರೆ, 'ನೀವು ಇವರ ಸಂಬಂಧಿಕರಲ್ಲ' ಅಂತ ಬರ್ತಿದೆ."