ಎದುರಿನ ಕುರ್ಚಿ

ಹಡಗಿನ ಊಟದ ಹಾಲ್‌ನಲ್ಲಿ ತನ್ನ ಗಂಡ ಪಕ್ಕದ ಟೇಬಲ್ಲಿನ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿರುವುದನ್ನು ಕಂಡು ನಳಿನಾಕ್ಷಿ ಕಣ್ಣು ಮುಚ್ಚಿಕೊಂಡರು. ಆ ಟೇಬಲ್ಲಿನ ಜನ ಎದ್ದದ್ದೇ ತಡ, ಕುಶಲ ಶೆಟ್ಟರು ಕುರ್ಚಿ ಬಿಟ್ಟಾಗಿತ್ತು. ಲೋಟಗಳನ್ನು ಬೆರಳಸಂದಿಗೆ ಸಿಕ್ಕಿಸಿ, ಬಿದ್ದ ಬ್ರೆಡ್ಡಿನ ಚೂರನ್ನು ಕಾಗದದ ಕರವಸ್ತ್ರದಿಂದ ಒರೆಸಿ, ತಲೆ ಓರೆ ಮಾಡಿ ಟೇಬಲ್ಲನ್ನು ಒಮ್ಮೆ ನೋಡಿದರು. ಠಾಣೆ ಶಹರದ ನೌಪಾಡಾದಲ್ಲಿ ಇಡೀ ಆಯುಷ್ಯ ಹೋಟೆಲು ನಡೆಸಿದ ಕೈ ಅದು, ಹೇಳಿದರೆ ಕೇಳುತ್ತದೆಯೇ?

"ನೀವು ಇಲ್ಲಿ ಗಿರಾಕಿ ಮಾರಾಯ್ರೆ. ಬಂದು ಕೂತುಕೊಳ್ಳಿ," ಎಂದರು ನಳಿನಾಕ್ಷಿ.

"ಟೇಬಲ್ ಹೀಗೆ ಇಟ್ಟರೆ ಬಂದವರು ಹಾಗೇ ತಿರುಗಿ ಹೋಗ್ತಾರೆ."

"ಎಲ್ಲಿಗೆ ಹೋಗುವುದು? ಸುತ್ತ ಸಮುದ್ರ."

ಈ ಹಡಗಿನ ಪ್ರವಾಸ ನಳಿನಾಕ್ಷಿಯ ಹಟದಿಂದಲೇ ಆದದ್ದು. ಸೀವುಡ್ಸ್ ಬಡಾವಣೆಯಲ್ಲಿರುವ ಮಗಳು ರಮಿತಾ ಕಂಪ್ಯೂಟರಿನಲ್ಲಿ ಹತ್ತು ಜಾಗ ತೋರಿಸಿದಾಗ, "ಎಲ್ಲಿ ಫೋನ್ ಹತ್ತುವುದಿಲ್ಲವೋ ಅದು ಬುಕ್ ಮಾಡು" ಎಂದಿದ್ದರು. ಹಿಂದೆ ತಿರುಪತಿಗೆ ಹೋದಾಗ ಶೆಟ್ಟರು ದೇವರ ಸಾಲಿನಲ್ಲಿ ನಿಂತು ಈರುಳ್ಳಿ ದರ ಮಾತಾಡಿದವರು. ಕಾಶ್ಮೀರದಲ್ಲಿ ಕುದುರೆಯ ಮೇಲೆ ಕೂತು, ಓಡಿಹೋದ ದೋಸೆ ಭಟ್ಟನನ್ನು ಫೋನಿನಲ್ಲೇ ಹುಡುಕಿಸಿದವರು. ಮನೆಗೆ ಅವರು ಬರುತ್ತಿದ್ದುದು ಮಲಗುವುದಕ್ಕೆ, ಅಷ್ಟೇ. ಬೆಳಕು ಹರಿಯುವ ಮೊದಲು ಎದ್ದು ಹೋದರೆ ಚಹಾ, ತಿಂಡಿ, ಊಟ ಎಲ್ಲ ಹೋಟೆಲಿನಲ್ಲೇ, ಅದೂ ಗಲ್ಲಾದ ಪಕ್ಕ ನಿಂತುಕೊಂಡು. ಒಂದು ಸಲ, ಒಂದೇ ಸಲ, ಈ ಮನುಷ್ಯ ತನ್ನ ಎದುರಿನ ಕುರ್ಚಿಯಲ್ಲಿ ಕೂತು ಗಡಿಬಿಡಿ ಇಲ್ಲದೆ ಏನಾದರೂ ಕುಡಿಯಬೇಕು, ತನ್ನ ಹತ್ತಿರ ನಾಲ್ಕು ಮಾತು ಆಡಬೇಕು. ನಳಿನಾಕ್ಷಿಗೆ ಬೇಕಾದದ್ದು ಅಷ್ಟೇ. ಊರು ನೋಡುವ ಆಸೆಯೇನೂ ಇರಲಿಲ್ಲ.

ಊರು ನೋಡುವ ದಿನಗಳೆಲ್ಲ ಬಾವುಟ ಹಿಡಿದ ಗೈಡಿನ ಹಿಂದೆ ನಡೆದು ನಡೆದೇ ಮುಗಿದಿದ್ದವು. ಇವತ್ತು ಹಡಗು ಎಲ್ಲಿಯೂ ನಿಲ್ಲುವುದಿಲ್ಲ, ಪೂರ್ತಿ ದಿನ ಆರಾಮ ಎಂದು ಕೇಳಿ ಅವರು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟಿದ್ದರು. ಶೆಟ್ಟರಿಗೆ ಮಾತ್ರ ಆರಾಮವೇ ಒಂದು ಕಾಯಿಲೆಯ ಹಾಗೆ ಹಿಡಿದಿತ್ತು. ಸತ್ತ ಫೋನನ್ನು ಕೈಯಲ್ಲಿ ತಿರುಗಿಸುತ್ತ, ಕಿತ್ತಿಟ್ಟ ಬಸಳೆಯ ಹಾಗೆ ಬಾಡಿಕೊಂಡು, ಮೇಲಿನ ಡೆಕ್ಕಿನಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಬೆಳಿಗ್ಗೆಯಿಂದ ಆಡಿದ ಒಂದೇ ಮಾತೆಂದರೆ ಇಷ್ಟು ನೀರಿದ್ದೂ ನಮಗೆ ಟ್ಯಾಂಕರ್ ತರಿಸುವ ಕರ್ಮ ಎಂಬುದು. ಅಲ್ಲ, ಸಮುದ್ರ ನೋಡಿ ಗಂಡಸಿಗೆ ನೆನಪಾಗಬೇಕಾದದ್ದು ಟ್ಯಾಂಕರೇ? ಗಂಡನನ್ನು ಎಬ್ಬಿಸಿಕೊಂಡು ನಳಿನಾಕ್ಷಿ ಊಟದ ಹಾಲ್‌ಗೆ ಇಳಿದರು.

ಈಗ ಇಲ್ಲಿ, ಒರೆಸಿದ ಟೇಬಲ್ಲಿಗೆ ಒಬ್ಬ ಬಿಳಿಯ ಅಜ್ಜಿ ಬಂದು ಕೂತಳು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಶೆಟ್ಟರನ್ನು ಹಡಗಿನ ವೇಟರ್ ಎಂದೇ ತಿಳಿದು ಕಾಫಿ ಕೇಳಿದಳು. ನಳಿನಾಕ್ಷಿ ಕುರ್ಚಿಯಿಂದ ಅರ್ಧ ಎದ್ದರು. ನಾನು ವೇಟರ್ ಅಲ್ಲ ಎಂದು ಒಂದು ಮಾತು ಹೇಳಬಾರದೇ? ಶೆಟ್ಟರು ಸರಸರನೆ ಹೋಗಿ ಕಾಫಿ ತಂದರು, ಚಮಚವನ್ನು ಬಸಿಯ ಬಲಕ್ಕಿಟ್ಟರು, ಸಕ್ಕರೆಯನ್ನು ಹತ್ತಿರ ಸರಿಸಿದರು. ಅಜ್ಜಿ ಥ್ಯಾಂಕ್ಯೂ ಎಂದಳು. ಅದನ್ನು ಕಂಡು ಆಚೆ ಟೇಬಲ್ಲಿನವರೂ ಕೈ ಎತ್ತಿದರು. ಅವರಿಗೂ ನೀರು ಕೊಟ್ಟಾಯಿತು. ನಿಜವಾದ ವೇಟರ್ ಒಬ್ಬ ಬಂದು, ಸರ್ ದಯವಿಟ್ಟು ಕೂತುಕೊಳ್ಳಿ ಎಂದು ಬೇಡಿಕೊಂಡರೆ, ಶೆಟ್ಟರು ಅವನ ಬೆನ್ನು ತಟ್ಟಿ ಮುಂದಿನ ಟೇಬಲ್ಲು ತೋರಿಸಿ ಕಳಿಸಿದರು. ಹಡಗು ಹತ್ತಿದ ಮೇಲೆ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂದಿತ್ತು.

ಆ ಕಳೆಯನ್ನು ನೋಡಿ ನಳಿನಾಕ್ಷಿಗೆ ಹೊಟ್ಟೆಕಿಚ್ಚಾಯಿತು. ಸವತಿಯಾದರೂ ಇದ್ದಿದ್ದರೆ ಹೋಗಿ ಜುಟ್ಟು ಹಿಡಿಯಬಹುದಿತ್ತು ಎನಿಸಿತು. ಹೋಟೆಲಿನ ಜುಟ್ಟು ಯಾರು ಹಿಡಿಯುತ್ತಾರೆ?

ಅದೇ ಹುರುಪಿನಲ್ಲಿ ಶೆಟ್ಟರು ಹೆಂಡತಿಯ ಟೇಬಲ್ಲಿಗೂ ಬಂದರು. ಕೂರಲಿಲ್ಲ. ಒಂದು ಕೈಯನ್ನು ಟೇಬಲ್ಲಿನ ಅಂಚಿಗೆ ಊರಿ, ತುಸು ಬಗ್ಗಿ ಕೇಳಿದರು:

"ನಿನಗೆ ಚಹಾವಾ, ಕಾಫಿಯಾ?"

ನಳಿನಾಕ್ಷಿ ಗಂಡನನ್ನೇ ನೋಡಿದರು. ಹೋಟೆಲಿನ ಮೂಲೆಯಲ್ಲಿ ಕೂರುವ ಜೋಶಿ ಮಾಸ್ತರರಿಗೆ ಸಕ್ಕರೆ ಇಲ್ಲದ ಚಹಾ, ಬ್ಯಾಂಕಿನ ಹೆಂಗಸಿಗೆ ಸಾಂಬಾರ್ ಬೇರೆ ಬಟ್ಟಲಿನಲ್ಲಿ, ವಕೀಲರಿಗೆ ದೋಸೆ ಕಡಕ್. ನೌಪಾಡಾದ ಅರ್ಧ ಊರಿನ ನಾಲಿಗೆ ಗೊತ್ತಿರುವ ಮನುಷ್ಯ. ಅಳು ಬರಬೇಕಿತ್ತು, ಅಳುವುದಕ್ಕೂ ಸುಸ್ತು. ತಮಾಷೆಗೋ ಸಿಟ್ಟಿಗೋ ತಮಗೇ ತಿಳಿಯದೆ, ಹೋಟೆಲಿಗೆ ಬಂದು ಕೂತ ಗಿರಾಕಿ ಎಲ್ಲಕ್ಕಿಂತ ಮೊದಲು ಕೇಳುವ ಮಾತನ್ನೇ ಕೇಳಿದರು:

"ಬಿಸಿ ಎಂತ ಉಂಟು?"

ಶೆಟ್ಟರ ಬೆನ್ನು ನೆಟ್ಟಗಾಯಿತು. "ಇಡ್ಲಿ, ವಡಾ, ಇಡ್ಲಿ-ವಡಾ, ಉಪ್ಮಾ, ಶೀರಾ, ಸಾದಾ, ಮಸಾಲಾ, ಮೈಸೂರ್ ಮಸಾಲಾ, ರವಾ ಸಾದಾ, ರವಾ ಮಸಾಲಾ, ಉತ್ತಪ್ಪ..." ಒಂದೇ ಉಸಿರಿಗೆ ಹೇಳುತ್ತಲೇ ಹೋದರು. ನಳಿನಾಕ್ಷಿ ತಡೆಯಲಿಲ್ಲ. ಮದುವೆಯಾದ ಮೇಲೆ ಗಂಡ ತನ್ನ ಮುಖ ನೋಡಿಕೊಂಡು ಇಷ್ಟು ಮಾತಾಡಿದ್ದು ಇದೇ ಮೊದಲು.