ಎರಡಡಿ ಗಿಡ್ಡ ಮೆಟ್ಟಿಲು

ಸಾವಿರದ ನಾನೂರ ಹನ್ನೆರಡು ಡ್ರಾಯಿಂಗ್. ಹನ್ನೊಂದು ನಿಮಿಷ. ಒಬ್ಬನೇ ಹೀರೋ. ಶಿಳ್ಳೆ ಹೊಡೆಯುವವರು ಈಗಲೇ ಹೊಡೆದುಬಿಡಿ, ಆಮೇಲೆ ಚಾನ್ಸ್ ಸಿಗುವುದು ಡೌಟು.

ನಮ್ಮದು ಕಬ್ಬಿಣದ ಮೆಟ್ಟಿಲು ಮಾಡುವ ವರ್ಕ್‌ಶಾಪು. ಆಫೀಸು ಬೇರೆ ಬೀದಿಗೆ ಬಂದಿದ್ದರಿಂದ, ಕಂಪ್ಯೂಟರಿನಲ್ಲಿದ್ದ ಇಪ್ಪತ್ತು ವರ್ಷದ ಹಳೇ ಡ್ರಾಯಿಂಗುಗಳ ಮೂಲೆಯಲ್ಲೆಲ್ಲ ಹೊಸ ವಿಳಾಸ ಹಾಕಬೇಕಿತ್ತು. ಜೇಬಿನಲ್ಲಿ ಅಡಿಪಟ್ಟಿ ಇಲ್ಲದೆ ಊಟಕ್ಕೂ ಏಳದ ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ಸ್ಕೇಲಣ್ಣ ಒಂದೊಂದನ್ನೇ ತೆರೆದು, ತಿದ್ದಿ, ಸೇವ್ ಮಾಡಿ, ಮುಚ್ಚುತ್ತಿದ್ದರು. ದಿನಕ್ಕೆ ನಲವತ್ತು. ನನ್ನ ಮೂರು ತಿಂಗಳ ಟ್ರಯಲ್ಲು ಆ ಶುಕ್ರವಾರ ಮುಗಿಯುತ್ತಿತ್ತು. ನನ್ನನ್ನು ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ, ಓನರ್ ಬಾಯಿ ಬಿಟ್ಟಿರಲಿಲ್ಲ. ಸೋಮವಾರ ನಾನು ಎಂಟ್ರಿ ಕೊಟ್ಟೆ.

“ಅಣ್ಣಾ, ಏಳಿ. ಒಂದು ಟೀ ಕುಡಿದು ಬನ್ನಿ. ಅಷ್ಟರಲ್ಲಿ ಕ್ಲೈಮ್ಯಾಕ್ಸ್ ಮುಗಿಸಿರ್ತೀನಿ.”

“ಏನೋ ಮಾಡ್ತೀಯ?”

“ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರ್ದಿದೀನಿ, ಪುಟ್ಟ ಪ್ರೋಗ್ರಾಮು. ಅದೇ ಒಂದೊಂದು ಫೈಲ್ ತೆಗೆದು ತಿದ್ದುತ್ತೆ. ನಾನು ಕಾಲ್ ಮೇಲೆ ಕಾಲ್ ಹಾಕ್ಕೊಂಡು ನೋಡ್ತೀನಿ.”

“ವಿಳಾಸ ಒಂದೇ ಮುಟ್ಟು ಮಹರಾಯ. ಬೇರೇನೂ ಕೆದಕಬೇಡ.”

ಮುಟ್ಟಿದರೆ ಮಾಸ್ ಆಗಿ ಮುಟ್ಟಬೇಕು, ಅದು ನನ್ನ ಸಿದ್ಧಾಂತ. ಹಳೇ ಅಳತೆಗಳೂ ಗೆರೆಗೆ ತಕ್ಕಂತೆ ಫ್ರೆಶ್ ಆಗಲಿ ಅಂತ ಒಂದು ಸಾಲು ಜಾಸ್ತಿ ಸೇರಿಸಿ ಗುಂಡಿ ಒತ್ತಿದೆ. ಹನ್ನೊಂದೇ ನಿಮಿಷ. ಮರುದಿನ ಹಳೇ ಗಿರಾಕಿಯೊಬ್ಬರು ಮೊದಲಿನಂಥದ್ದೇ ಇನ್ನೊಂದು ಮೆಟ್ಟಿಲು ಕೇಳಿದರು. ಅವರ ಡ್ರಾಯಿಂಗನ್ನು ಸ್ಟೈಲಾಗಿ ಪ್ರಿಂಟ್ ತೆಗೆದು ವರ್ಕ್‌ಶಾಪಿಗೆ ಕಳಿಸಿದೆ.

ಶುಕ್ರವಾರ ವೆಲ್ಡರ್ ಅಕ್ಕ ಬಂದು ತಮ್ಮ ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಬೆನ್ನ ಹಿಂದೆಯೇ ಓನರ್.

“ಮೆಟ್ಟಿಲು ನಿಲ್ಸಿದ್ರೆ ಮಹಡಿಗೆ ಇನ್ನೂ ಎರಡಡಿ ಬಾಕಿ ಕಣೋ! ಆ ಮನೆ ಅಜ್ಜಿ ಕೇಳ್ತಾರೆ, ‘ಮಿಕ್ಕಿದ್ದು ನಾನು ಹಾರ್ಬೇಕೇನಮ್ಮ?’ ಅಂತ.”

ಸ್ಕೇಲಣ್ಣ ಕೆಮ್ಮಿದರು. ಆಗಿನ ಕಾಲದಲ್ಲಿ ಗಿರಾಕಿ ಎತ್ತರ ಬದಲಿಸಿದರೆ ಅವರು ಹೊಸದಾಗಿ ಗೆರೆ ಎಳೆಯುವ ಗೋಜಿಗೆ ಹೋಗುತ್ತಿರಲಿಲ್ಲವಂತೆ. ಒಂಬತ್ತಡಿಯ ಗೆರೆಯನ್ನು ಹಾಗೇ ಬಿಟ್ಟು, ಮೇಲೆ ಕೈಯಾರೆ ಹನ್ನೊಂದು ಅಂತ ಟೈಪ್ ಮಾಡಿಬಿಡುತ್ತಿದ್ದರು. ವರ್ಕ್‌ಶಾಪಿನವರು ನಂಬುವುದು ಅಂಕಿಯನ್ನು, ಗೆರೆಯನ್ನಲ್ಲ. ನನ್ನ ಸ್ಕ್ರಿಪ್ಟು ಅಂಥ ಅಂಕಿಗಳನ್ನೆಲ್ಲ ಅಳಿಸಿ, ಗೆರೆ ಎಷ್ಟಿದೆಯೋ ಅಷ್ಟನ್ನೇ ಬರೆದಿತ್ತು.

“ಅಂದ್ರೆ ಇಪ್ಪತ್ತು ವರ್ಷದ್ದು ಪೂರ್ತಿ ಗೋವಿಂದಾನಾ?” ಓನರ್ ಕುರ್ಚಿ ಹಿಡಿದುಕೊಂಡರು.

“ಇಲ್ಲ ಸರ್. ಹಳೇದರ ಕಾಪಿ ಇದೆ,” ಸ್ಕೇಲಣ್ಣ ಒಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು.

ಓನರಿಗೆ ಹೋದ ಜೀವ ಬಂತು. “ಯಾರಿಗ್ರೀ ಹೊಳೀತು ಈ ಬುದ್ಧಿ?”

ಫ್ರೆಂಡ್ಸ್ ಹತ್ತಿರ ಈ ಸೀನಿಗೆ ನಾನು ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ಹಾಕುತ್ತೇನೆ. ನಿಮ್ಮ ಹತ್ತಿರ ಏನು ಮುಚ್ಚುಮರೆ? ಕಾಪಿ ಇಡಬೇಕು ಅಂತ ನನಗೆ ಕನಸಲ್ಲೂ ಹೊಳೆದಿರಲಿಲ್ಲ. ಸೋಮವಾರ ನಾನು ಕಿಟಕಿ ಗಾಜಿನಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಾಗ, ಟೀಗೆ ಏಳುವ ಮುಂಚೆ ಅದನ್ನು ಮಾಡಿಟ್ಟವರು ಸ್ಕೇಲಣ್ಣ. ಆದರೆ ಓನರ್ ಕೇಳಿದ ತಕ್ಷಣ ಒಂದು ಕೈ ಮೇಲೆದ್ದಿತು. ಯಾರದಪ್ಪಾ ಅಂತ ನೋಡಿದೆ. ನನ್ನದೇ.

“ಎಡವಟ್ಟು ಮಾಡಿದ್ರೂ ಮುಂದಾಲೋಚನೆ ಇದೆ. ಸೋಮವಾರದಿಂದ ಪರ್ಮನೆಂಟು,” ಎಂದು ಓನರ್ ಹೊರಟರು. ಅಕ್ಕನೂ ಹೆಲ್ಮೆಟ್ ಎತ್ತಿಕೊಂಡು ಹೋದರು.

ಸ್ಕೇಲಣ್ಣ ತಮ್ಮ ಕುರ್ಚಿಗೆ ಹೋಗಿ ಕೂತರು. ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

“ಇನ್ನಾದ್ರೂ ಕೈ ಇಳ್ಸೋ. ನೋವು ಬರುತ್ತೆ.”