ಪದರಕ್ಕೆ ಕೊಟ್ಟ ಉಸಿರು

ಚಂದ್ರನ ಮೇಲಿನ ಆ ಊರಿಗೆ ಕಣಗಳ ಮಳೆ ಹೊಸದಲ್ಲ. ಸೂರ್ಯ ಕೆರಳಿದಾಗಲೆಲ್ಲ ಜನ ಸುರಂಗಕ್ಕಿಳಿಯುತ್ತಿದ್ದರು. ಮೇಲಿನ ದೊಡ್ಡ ಅಯಸ್ಕಾಂತ ಆ ಮಳೆಯನ್ನು ಆಚೆ ತಳ್ಳುತ್ತಿತ್ತು. ಈ ಸಲ ಐದು ದಿನವಾದರೂ ಮಳೆ ನಿಲ್ಲಲಿಲ್ಲ. ಅಯಸ್ಕಾಂತಕ್ಕೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್‌ನ ತೆಳುಪದರವೇ ಕಣಗಳ ಏಟಿಗೆ ಸೊರಗಿ ಕೈಕೊಟ್ಟಿತು.

ದುರಸ್ತಿಯ ನೀಲವ್ವ ಅದನ್ನು ಬಿಚ್ಚಿ ತಂದಳು. ಶುದ್ಧ ಆಮ್ಲಜನಕದಲ್ಲಿ ಕಾಯಿಸಿದರೆ ಪದರ ಚೇತರಿಸಿಕೊಳ್ಳುತ್ತದೆ. ಆದರೆ ಉಳಿದಿದ್ದ ಒಂದೇ ಸಿಲಿಂಡರನ್ನು ಅವಳ ಅಪ್ಪ ಈರಪ್ಪನ ಮೂಗಿಗೆ ಜೋಡಿಸಲಾಗಿತ್ತು. ಗಣಿಯ ಧೂಳು ಕುಡಿದ ಅವನ ಶ್ವಾಸಕೋಶಕ್ಕೆ ಸುರಂಗದ ಗಾಳಿ ಸಾಲುತ್ತಿರಲಿಲ್ಲ.

ಗೋಡೆಯ ಮೇಲಿನ ವಿಕಿರಣ ಮಾಪಕದ ಮುಳ್ಳು ಕೆಂಪು ಗೆರೆ ದಾಟಿತ್ತು. ಮಕ್ಕಳು ವಾಂತಿ ಮಾಡತೊಡಗಿದ್ದರು.

"ಯಪ್ಪಾ, ನನ್ನ ಕೈಲೆ ಆಗಂಗಿಲ್ಲ," ಎಂದು ನೀಲವ್ವ ಮಂಚದ ಬಳಿ ಕುಸಿದಳು.

"ನಿನ್ನ ಕೈಲೆ ಯಾಕ? ನನಗೂ ಕೈ ಅದಾವಲ್ಲ," ಎಂದ ಈರಪ್ಪ ತಾನೇ ನಳಿಗೆ ಕಿತ್ತು ಸಿಲಿಂಡರನ್ನು ಅವಳತ್ತ ನೂಕಿದ. "ಲಗೂ ಹೋಗ."

ಅವಳು ಅಳುತ್ತಲೇ ಒಲೆ ಹಚ್ಚಿದಳು. ಎರಡು ತಾಸಿನ ಮೇಲೆ ಪದರ ಜಾಗಕ್ಕೆ ಕೂತಿತು, ಅಯಸ್ಕಾಂತ ಎದ್ದಿತು, ಮುಳ್ಳು ಇಳಿಯಿತು. ಜನ ಕೇಕೆ ಹಾಕಿದರು. ತಳದಲ್ಲಿ ಉಳಿದಿದ್ದ ಆಮ್ಲಜನಕದೊಂದಿಗೆ ನೀಲವ್ವ ಸಿಲಿಂಡರನ್ನು ಎತ್ತಿಕೊಂಡು ಓಡಿದಳು. ನಳಿಗೆಯನ್ನು ಅಪ್ಪನ ಮೂಗಿಗೆ ಒತ್ತಿ ಹಿಡಿದಳು. ಗಾಳಿ ಸುಯ್ಯೆಂದು ಬರುತ್ತಲೇ ಇತ್ತು. ಈರಪ್ಪ ಅದನ್ನು ಎಳೆದುಕೊಳ್ಳಲಿಲ್ಲ.